ಕಾಜಕ್ಕನ ತೋರುಬೆರಳು

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ, ಆದ್ದರಿಂದ ಕಾಜಕ್ಕ. ಆದರೆ ಅವಳ ಅಸಲಿ ಕಸುಬು ಕಾಲರ್. ಕಾಲರಿನ ಬಟ್ಟೆಗೆ, ಅದನ್ನು ಸೆಟೆದು ನಿಲ್ಲಿಸುವ ಒಳಗಿನ ಕ್ಯಾನ್ವಾಸನ್ನು ನೂರಾರು ಪುಟ್ಟ ಹೊಲಿಗೆಗಳಿಂದ ಕೈಯಲ್ಲೇ ಕೂಡಿಸಬೇಕು. ಸೂಜಿ ಬಟ್ಟೆಯ ಒಂದೇ ಎಳೆಯನ್ನು ಎತ್ತಿಕೊಂಡು ತಿರುಗಬೇಕು. ಸ್ವಲ್ಪ ಆಳಕ್ಕೆ ಹೋದರೂ ಹೊರಗೆ ಚುಕ್ಕೆ ಕಾಣಿಸಿ ಕೋಟಿನ ಕಥೆ ಮುಗಿಯುತ್ತದೆ. ಎಲ್ಲಿ ತಿರುಗಬೇಕೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಟ್ಟೆಯ ಅಡಿಗಿಟ್ಟ ಎಡಗೈ ತೋರುಬೆರಳಿಗೆ ಮೊನೆ ಸೋಕಿ ಚುರುಕ್ ಎಂದಾಗ ಬಲಗೈ ತಿರುಗುತ್ತದೆ. ಇಪ್ಪತ್ತೆರಡು ವರ್ಷ ಆ ಬೆರಳು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಕೈಕೊಟ್ಟಿದ್ದು ಒಂದು ಗಾಜಿನ ಲೋಟ. ಪಾತ್ರೆ ತೊಳೆಯುವಾಗ ಒಡೆದು ಎಡ ಅಂಗೈಯ ಬುಡವನ್ನು ಸೀಳಿತು, ತೋರುಬೆರಳಿಗೆ ಹೋಗುವ ನರ ತುಂಡಾಯಿತು. ಸರ್ಜನ್ ಅಮ್ಮ ಕೂದಲಿಗಿಂತ ತೆಳ್ಳನೆಯ ದಾರದಲ್ಲಿ ಅದನ್ನು ಹೊಲಿದರು. ಎಚ್ಚರವಾದ ಕೂಡಲೇ ಕಾಜಕ್ಕ ಕೇಳಿದ್ದು, ಎಷ್ಟನೇ ನಂಬರಿನ ಸೂಜಿ ಬಳಸಿದಿರಿ ಎಂದು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

ಗಾಯ ಮಾಯಿತು, ಬೆರಳು ಮಾತ್ರ ಮರಗಟ್ಟಿಯೇ ಉಳಿಯಿತು. ಗಿಲ್ಲಿದರೂ ಇಲ್ಲ, ಚುಚ್ಚಿದರೂ ಇಲ್ಲ. ಅವಳ ಹೆದರಿಕೆ ನೋಡಿ ಡಾಕ್ಟರು ಕುರ್ಚಿ ಹತ್ತಿರಕ್ಕೆಳೆದು ಕೂತರು.

"ನೋವು ತಿಳಿಸೋ ಜೀವಕೋಶ ಬೆರಳಲ್ಲಿಲ್ಲಮ್ಮ. ಅದು ಕತ್ತಿನ ಹತ್ತಿರ, ಬೆನ್ನುಹುರಿ ಪಕ್ಕದಲ್ಲಿದೆ. ಅಲ್ಲಿಂದ ಒಂದು ಎಳೆ ಬೆರಳ ತುದಿವರೆಗೂ ಬಂದಿರುತ್ತೆ. ನಿಮಗೆ ತುಂಡಾಗಿರೋದು ಆ ಎಳೆ. ಕೋಶ ಬದುಕಿದ್ರೆ ಮತ್ತೆ ಎಳೆ ಬಿಡುತ್ತೆ, ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕೆಲವರಿಗೆ ಅದು ದಾರಿ ತಪ್ಪುತ್ತೆ, ಅದನ್ನೂ ಈಗಲೇ ಹೇಳಿಬಿಡ್ತೀನಿ."

ಕಾಜಕ್ಕ ಮನೆಗೆ ಬಂದವಳೇ ಟೇಪು ಹಿಡಿದಳು. ಗಾಯದಿಂದ ಬೆರಳ ತುದಿಗೆ ಹದಿನಾರು ಸೆಂಟಿಮೀಟರ್. ಚರ್ಮದ ಮೇಲೆ ಮೆಲ್ಲಗೆ ತಟ್ಟುತ್ತ ಹೋದರೆ ಎಳೆ ತಲುಪಿದ ಜಾಗದಲ್ಲಿ ಜುಮ್ಮೆನ್ನುತ್ತದೆ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಪ್ರತಿ ಭಾನುವಾರ ತಟ್ಟಿ ನೋಡಿ, ಜುಮ್ಮೆಂದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಊರೆಲ್ಲ ನೋವು ಹೋಗಲಿ ಎಂದು ಬೇಡಿಕೊಂಡರೆ ನನ್ನ ಸೊಸೆ ನೋವು ಬರಲಿ ಎಂದು ಬೇಡುತ್ತಾಳೆ ಎಂದು ಅತ್ತೆ ನೆರೆಮನೆಯವರೆದುರು ಗೊಣಗಿದರು. ಗೊಣಗುತ್ತಲೇ ಸೊಸೆಯ ಪಾಲಿನ ಪಾತ್ರೆಗಳನ್ನೂ ತೊಳೆದರು.

ಅಂಗಡಿಯ ಮಾಸ್ಟರು ಕೆಟ್ಟವರಲ್ಲ, ಮಾತು ಮಾತ್ರ ಒರಟು. ಅವಳನ್ನು ಗುಂಡಿ ವಿಂಗಡಿಸಲು ಕೂರಿಸಿ, ಎಂಟು ತಿಂಗಳು ಕಾಯುತ್ತೇನೆ, ಆಮೇಲೆ ಕಾಲರಿಗೆ ಕ್ಯಾನ್ವಾಸನ್ನು ಅಂಟಿಸುವ ಯಂತ್ರ ತರಿಸುತ್ತೇನೆ ಎಂದಿದ್ದರು. ಯಂತ್ರ ಬಂದರೆ ಕಿಟಕಿಯ ಪಕ್ಕ ಅವಳು ಕೂತು ಹೊಲಿಯುತ್ತಿದ್ದ ಜಾಗ, ಆ ಕಸುಬು ಎರಡೂ ಹೋದಂತೆ. ಈ ಸಂಕಟ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ನಾಲ್ಕನೇ ತಿಂಗಳು, ಮಾಸ್ಟರು ಹೊರಗೆ ಹೋದ ಸಮಯ ನೋಡಿ, ಕೆನೆಬಣ್ಣದ ಕೋಟೊಂದರ ಕಾಲರ್ ಎತ್ತಿಕೊಂಡಳು. ಬೆರಳಿಗೆ ತಿಳಿಯದಿದ್ದರೆ ಏನಂತೆ, ಕೈಗೆ ಅಭ್ಯಾಸವಿದೆಯಲ್ಲ ಎಂಬ ಹುಂಬ ಧೈರ್ಯ. ಎರಡು ಸಾಲು ಮುಗಿಸಿ ಮಗುಚಿದರೆ ಕೆನೆಬಣ್ಣದ ತುಂಬ ರಕ್ತದ ಚುಕ್ಕೆಗಳು. ಬೆರಳು ಜರಡಿಯಾಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ.

"ಒಂಚೂರೂ ನೋವಾಗ್ಲಿಲ್ವಾ?" ಬಂದು ನೋಡಿದ ಮಾಸ್ಟರು ಕೇಳಿದರು.

"ನೋವಾಗಿದ್ರೆ ಬಟ್ಟೆ ಉಳೀತಿತ್ತು, ಮಾಸ್ಟ್ರೇ."

ಆ ಚುಚ್ಚುಗಾಯಗಳು ಮೂರು ವಾರವಾದರೂ ಒಣಗದೆ ಅವಳನ್ನು ಮತ್ತೆ ಆಸ್ಪತ್ರೆಗೆ ಎಳೆದವು. ಡಾಕ್ಟರು ಸರಿಯಾಗಿ ಬೈದರು. ನೋವಿನ ನರ ಬರೀ ಸುದ್ದಿ ಮುಟ್ಟಿಸುವುದಿಲ್ಲ, ಗಾಯವಾದಲ್ಲಿ ತಾನೇ ರಸ ಸುರಿಸಿ ರಕ್ತನಾಳ ಹಿಗ್ಗಿಸುತ್ತದೆ, ರಿಪೇರಿಯ ಕೋಶಗಳನ್ನು ಕರೆಸುತ್ತದೆ. ಅದಿಲ್ಲದ ಚರ್ಮ ಮಾಯುವುದು ನಿಧಾನ ಎಂದು ವಿವರಿಸಿದರು. ಇಷ್ಟು ವರ್ಷ ದುಡಿದ ಬೆರಳಿಗೆ ತಾನು ಎಂಥ ಅನ್ಯಾಯ ಮಾಡಿದೆನಲ್ಲ ಎಂದು ಕಾಜಕ್ಕನಿಗೆ ಕಣ್ಣು ತುಂಬಿತು. ಮತ್ತೆ ಸೂಜಿ ಮುಟ್ಟಲಿಲ್ಲ.

ಗೆರೆ ಮೊದಲ ಗೆಣ್ಣು ದಾಟಿತು, ಎರಡನೆಯದನ್ನೂ ದಾಟಿತು. ಏಳನೇ ತಿಂಗಳು ಬೆರಳ ತುದಿಯಲ್ಲಿ ಇರುವೆ ಹರಿದಂತಾಗತೊಡಗಿತು. ಒಂದು ಬೆಳಿಗ್ಗೆ ಕಾಫಿ ಲೋಟ ಸುಟ್ಟು ಎಡ ತೋರುಬೆರಳು ತಾನಾಗಿ ಹಿಂದೆ ಸರಿದಾಗ ಅವಳು ಲೋಟ ಕೆಳಗಿಟ್ಟು, ತಲೆ ಬಾಚದೆಯೇ ಅಂಗಡಿಗೆ ನಡೆದಳು.

ಬೆರಳಿಗೆ ನೋವು ಬಂತು ಎಂದಾಗ ಮಾಸ್ಟರು ಒಂದು ಕಾಲರ್ ಕೊಟ್ಟರು. ಕೆಲಸದವರೆಲ್ಲ ಕತ್ತರಿ ನಿಲ್ಲಿಸಿ ನೋಡುತ್ತಿದ್ದರು. ಅವಳು ಬಟ್ಟೆಯ ಅಡಿಗೆ ಬೆರಳಿಟ್ಟು ಸೂಜಿ ಇಳಿಸಿದಳು. ಚುರುಕ್! ಮೊದಲಿಗಿಂತ ಎರಡು ಪಟ್ಟು ಉರಿ, ಮೊಣಕೈಯವರೆಗೂ ಝಿಲ್ಲೆನಿಸುವಂಥ ನೋವು. ಬಲಗೈ ತಾನಾಗಿ ತಿರುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನೋಡುವವರಿಗೆ ತಿಳಿಯಲಿಲ್ಲ, ಸೂಜಿಯಂತೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲರ್ ಮುಗಿಯಿತು.

ಮಾಸ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು, ಹೆಬ್ಬೆರಳಿನಿಂದ ಉಜ್ಜಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಂದು ಚುಕ್ಕೆಯೂ ಇರಲಿಲ್ಲ.

"ತುಂಬಾ ನೋವಾಯ್ತಾ?" ಎಂದರು, ಅವರಿಗೆ ಒಗ್ಗದ ಮೆಲುದನಿಯಲ್ಲಿ.

"ಪ್ರತಿ ಹೊಲಿಗೆಗೂ," ಎಂದಳು ಕಾಜಕ್ಕ, ರಾಜ್ಯ ಗೆದ್ದವಳ ಹಾಗೆ. "ಇನ್ನೊಂದು ಕೊಡಿ."