ನಾಲ್ಕು ಕೆಂಪು ವೈನಿಗೆ ನಾವು ಕೊಟ್ಟ ಅಂಕಗಳು

೨೦೦೯ರ ಜನವರಿ ಮೂವತ್ತೊಂದು, ಶನಿವಾರ. ನನ್ನ ಡೈರಿಯ ಆ ಪುಟದ ಮೇಲ್ಭಾಗದಲ್ಲಿ ಪಟ್ಟಿ ಇಟ್ಟು ಗೆರೆ ಹೊಡೆದ ಚೊಕ್ಕ ಕೋಷ್ಟಕವಿದೆ. ಅಡ್ಡಕ್ಕೆ ಐದು ಜನ, ಉದ್ದಕ್ಕೆ ನಾಲ್ಕು ಬಾಟಲಿ. ಕೆಳಗೆ ಬರುಬರುತ್ತ ಗೆರೆಗಳು ಬಾಗಿವೆ, ಅಂಕಿಗಳು ದಪ್ಪಗಾಗಿವೆ. ‘ಆಯಿ ನಕ್ಕು ನಕ್ಕು ಉರುಳಿದಳು’ ಎಂದು ಎರಡು ಸಲ ಬರೆದಿದ್ದೇನೆ. ಆಯಿ ಉರುಳಿದ್ದು ಒಂದೇ ಸಲ.

ನನಗಾಗ ಇಪ್ಪತ್ತೊಂದು. ಇಳಕಲ್ಲಿನಲ್ಲಿ ನಮ್ಮ ಅಪ್ಪನದು ಸೀರೆಯ ನೂಲಿಗೆ ಬಣ್ಣ ಹಾಕುವ ಕೆಲಸ, ಅದರ ಲೆಕ್ಕ ಬರೆಯುವವಳು ನಾನು. ಅಕ್ಕನನ್ನು ಕೊಟ್ಟದ್ದು ಅಮೀನಗಡದಿಂದ ಐಹೊಳೆಗೆ ಹೋಗುವ ದಾರಿಯ ಒಂದು ಒಕ್ಕಲು ಮನೆಗೆ. ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಊರಿನವರೆಲ್ಲ ದಾಳಿಂಬೆ, ಒಣದ್ರಾಕ್ಷಿ ಎಂದು ನಂಬಿದ್ದಾಗ ಮಾಮಾ ಒಬ್ಬರೇ ಎರಡು ಎಕರೆ ವೈನ್ ದ್ರಾಕ್ಷಿ ಹಚ್ಚಿದ್ದರು. ಕರಿ ಹಣ್ಣು, ದಪ್ಪ ಸಿಪ್ಪೆ, ಬಟಾಣಿಗಿಂತ ತುಸು ದೊಡ್ಡದು, ಒಳಗೆ ಬರೀ ಬೀಜ. ತಿನ್ನಲಿಕ್ಕೂ ಬಾರದು, ಒಣಗಿಸಲಿಕ್ಕೂ ಬಾರದು. ವೈನ್ ಮಾಡುವವರು ಕೊಂಡರೆ ಉಂಟು, ಇಲ್ಲದಿದ್ದರೆ ಗಿಳಿಗಳಿಗೆ.

ಅದು ಮೊದಲ ಫಸಲು. ನಾಲ್ಕು ವೈನರಿಯವರು ಬಂದು ತೋಟ ನೋಡಿ ಹೋಗಿದ್ದರು. ನಾಲ್ವರ ಮಾತೂ ಹೆಚ್ಚುಕಡಿಮೆ ಒಂದೇ: ಐದು ವರ್ಷ ನಿಮ್ಮ ಹಣ್ಣೆಲ್ಲ ನಮಗೇ ಕೊಡಬೇಕು, ಸೋಮವಾರದೊಳಗೆ ತಿಳಿಸಬೇಕು. ಯಾರಿಗೆ ಕೊಡುವುದು ಎಂಬುದು ತಿಳಿಯದೆ ಮಾಮಾನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ನಾಲ್ವರ ಹತ್ತಿರವೂ ಒಂದೊಂದು ಬಾಟಲಿ ಕೆಂಪು ವೈನ್ ಕೇಳಿ ತರಿಸಿಕೊಂಡು ನನಗೆ ಫೋನ್ ಮಾಡಿದರು.

“ನನ್ನ ಹಣ್ಣ ಒಯ್ದು ಏನ ಮಾಡ್ತಾರ ಅಂತ ನೋಡಬೇಕಲಾ? ನಾವ್ ಕುಡದ ನೋಡೂಣು. ನೀ ಲೆಕ್ಕದಾಕಿ, ನೀ ಬಾ. ಮಾವಾರನ್ನೂ ಕರ್ಕೊಂಡ ಬಾ, ಬಣ್ಣ ತಿಳಿತೈತಿ ಅವರಿಗೆ.”

ಮಾಮಾನ ತಂದೆ ತಾಯಿ ಆ ಶನಿವಾರ ತುಳಸಿಗೇರಿ ಹನುಮಪ್ಪನಿಗೆ ಹೋಗುವವರಿದ್ದರು. ಬೇರೆ ದಿನ ಇಂಥ ಕಾರ್ಯಕ್ರಮ ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ಉಳಿದವಳು ಮಾಮಾನ ಅಜ್ಜಿ, ಎಲ್ಲರಿಗೂ ಆಯಿ. ಆಕೆಗೆ ಹೇಳದೆ ಮುಗಿಸಬೇಕೆಂದು ಮಾಮಾ ಅಂದುಕೊಂಡಿದ್ದರು. ನಾವು ತೋಟದ ಗುಡಿಸಲಿಗೆ ಹೋದಾಗ ಆಕೆ ನಮಗಿಂತ ಮೊದಲೇ ಕಂಬಳಿ ಹಾಸಿ ಕೂತಿದ್ದಳು.

“ಔಷಧ ಕುಡ್ಯಾಕ ನನಗ ಹೇಳಬೇಕಿಲ್ಲೇನ? ಮೊಣಕಾಲ ಹಿಡಿದಾವು ನನಗ, ನಿಮಗಲ್ಲ,” ಎಂದಳು.

ಸಂಜೆ ಐದು ಗಂಟೆ. ನಾನು ಬಾಟಲಿಗಳಿಗೆ ಹಳೆಯ ಪೇಪರ್ ಸುತ್ತಿ, ಹೆಸರು ಮುಚ್ಚಿ, ಒಂದರಿಂದ ನಾಲ್ಕು ಎಂದು ಬರೆದೆ. ಹತ್ತಕ್ಕೆ ಎಷ್ಟು ಎಂದು ಪ್ರತಿಯೊಬ್ಬರೂ ಹೇಳಬೇಕು. ಐವರದು ಸೇರಿ ಐವತ್ತು. ಬಣ್ಣ, ವಾಸನೆ, ರುಚಿ, ಷರಾ ಎಂದು ಬೇರೆ ಬೇರೆ ಕಾಲಂ ಮಾಡಿದೆ. ಭಾನುವಾರದ ಪುರವಣಿಯೊಂದರಲ್ಲಿ ವೈನ್ ರುಚಿ ನೋಡುವ ಕ್ರಮವನ್ನು ಓದಿ ಬರೆದುಕೊಂಡಿದ್ದೆ: ಗ್ಲಾಸಿನಲ್ಲಿ ತಿರುಗಿಸಬೇಕು, ಮೂಸಬೇಕು, ಬಾಯಲ್ಲಿ ಆಡಿಸಬೇಕು, ಆಮೇಲೆ ಉಗುಳಬೇಕು. ಅದನ್ನು ಓದಿ ಹೇಳಿದೆ.

“ಉಗುಳೂದು?” ಮಾಮಾ ಎದ್ದೇ ನಿಂತರು. “ನೀರ ಹಾಕಿ ಬೆಳಸಾಂವ ನಾ. ನನ್ನ ಹೊಲದಾಗ ಕೂತು ಉಗುಳ್ತೀರಿ?”

ಅಕ್ಕ, “ಉಗುಳೂದಿದ್ರ ಅತ್ತಾಗ ಹೋಗಿ ಉಗುಳ್ರಿ. ಇಲ್ಲಿ ಸೀತನಿ ಸುಡಾಕತ್ತೀನಿ,” ಎಂದಳು. ಎಳೆಯ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಿಸಿಯಾಗಿರುವಾಗಲೇ ಬಡಿದು ಕಾಳು ಉದುರಿಸುತ್ತಿದ್ದಳು. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ.

ಬೂಚು ತೆಗೆಯುವ ಸಾಧನ ನಮ್ಮಲ್ಲಿ ಯಾರಲ್ಲೂ ಇರಲಿಲ್ಲ. ಮಾಮಾ ಸೌಟಿನ ಹಿಡಿಯಿಂದ ಒತ್ತಿದರು. ಬೂಚು ಒಳಗೆ ಹೋಯಿತು, ವೈನ್ ಅವರ ಮೀಸೆಗೆ ಬಂತು. ಮೊದಲ ಬಾಟಲಿಯ ಷರಾ ಕಾಲಂನಲ್ಲಿ ‘ಮೀಸೆ’ ಎಂದಷ್ಟೇ ಇದೆ.

ಮುಂದಿನದು ನಮ್ಮವರಷ್ಟೇ ಮಾಡಬಹುದಾದ ತಪ್ಪು. ಸ್ಟೀಲಿನ ತಂಬಿಗೆ ಒಂದೇ ಇತ್ತು. ಐದು ಜನ ಒಂದೇ ತಂಬಿಗೆಯಲ್ಲಿ ಕುಡಿಯಬೇಕೆಂದರೆ ಎಂಜಲಾಗಬಾರದು. ಹಾಗಾಗಿ ನೀರು ಕುಡಿಯುವ ಹಾಗೆಯೇ ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆಯನ್ನು ತುಟಿಗೆ ತಾಗಿಸದೆ ಮೇಲಿನಿಂದ ಧಾರೆ ಬಿಟ್ಟುಕೊಂಡರು. ಮಾಮಾ ಗಟಗಟ ನಾಲ್ಕು ಗುಟುಕು, ಅಕ್ಕ ಎರಡು. ಆಯಿ ಎಷ್ಟೆಂದು ಎಣಿಸಲಿಕ್ಕಾಗಲಿಲ್ಲ. ಹೀಗೆ ಕುಡಿದರೆ ಮೂಗಿಗೆ ಏನೂ ಸಿಗುವುದಿಲ್ಲ, ನಾಲಿಗೆಗೂ ನಿಲ್ಲುವುದಿಲ್ಲ, ಸೀದಾ ಹೊಟ್ಟೆಗೆ. ನನ್ನ ವಾಸನೆ ಕಾಲಂ ಕೊನೆಯವರೆಗೂ ಖಾಲಿ. ನಾನು ಮಾತ್ರ ಚಮಚದಲ್ಲಿ ಕುಡಿದೆ, ಒಂದು ಸುತ್ತಿಗೆ ಬಾಟಲಿಗೊಂದೇ ಚಮಚ. ಲೆಕ್ಕ ಬರೆಯುವವಳು ನೆಟ್ಟಗಿರಬೇಕು.

“ಹುಣಸಿ ಬೀಜ ಕಡದಂಗಾತು,” ಎಂದು ಆಯಿ ಮುಖ ಕಿವುಚಿದಳು. “ಬರಕೋ, ಸೊನ್ನಿ.”

ಅಪ್ಪ ಆವರೆಗೆ ದೂರ ಕೂತು, ನನ್ನ ಚಮಚವನ್ನು ಬಿಸಿಲಿಗೆ ಹಿಡಿದು ವೈನಿನ ಬಣ್ಣ ಮಾತ್ರ ನೋಡುತ್ತಿದ್ದ. ಹನಿ ಮುಟ್ಟುವವನಲ್ಲ. ಆಯಿ ಅವನ ಕಡೆ ತಿರುಗಿದಳು.

“ಏನ್ ಬೀಗರ, ಬಣ್ಣದ ಕುದಿಯೋ ಹಂಡೆದ ಮುಂದ ನಲವತ್ತ ವರ್ಷ ಕುಂತೀರಿ, ಹಣ್ಣಿನ ನೀರಿಗಿ ಅಂಜತೀರೇನ್ರಿ?”

“ಅಂಜಿಕಿ ಅಲ್ರೀ ಆಯಿ, ಇಲ್ಲಿಗಂಟ ಚಟಾ ಇಲ್ಲ.”

“ಚಟಾ ಹಚ್ಚಿಕೊಳ್ರಿ ಅಂದೆನೇನ? ಅಳಿಯನ ಕೆಲಸಾ ಐತಿ, ನಾಕ ಗುಟುಕ.”

ಅಳಿಯನ ಕೆಲಸ ಎಂದ ಮೇಲೆ ಅಪ್ಪ ಬಿಳಿ ಧೋತರದ ಚುಂಗು ಸರಿಮಾಡಿಕೊಂಡು ಬಂದು ಕೂತ. ತಂಬಿಗೆ ಎತ್ತಿದ. ನೀರು ಕುಡಿಯುವಾಗ ಎಂದೂ ಚೆಲ್ಲದವನಿಗೆ ಆ ದಿನ ಗುರಿ ತಪ್ಪಿತು. ಮೊದಲ ಬಾಟಲಿಯ ಧಾರೆ ಎಡ ಮೊಣಕಾಲಿನ ಮೇಲೆ ಹೋಯಿತು. ನಾನು ‘ಅಪ್ಪ: ಎಡ ಮೊಣಕಾಲು’ ಎಂದು ಬರೆದೆ. ಎರಡನೆಯದು ಬಲ ಮೊಣಕಾಲು. ಮೂರನೆಯದು ತೊಡೆ. ನಾಲ್ಕನೆಯದು ಪಾದದ ಹತ್ತಿರದ ನಿರಿಗೆ.

ಮೊದಲ ಸುತ್ತಿನ ಮೊತ್ತ: ಒಂದನೆಯದಕ್ಕೆ ಹದಿನಾಲ್ಕು, ಎರಡನೆಯದಕ್ಕೆ ಒಂಬತ್ತು, ನಾಲ್ಕನೆಯದಕ್ಕೆ ಹದಿನೇಳು. ಮೂರನೆಯದಕ್ಕೆ ನಲವತ್ತಮೂರು. ಮೂರನೆಯದು ಸಿಹಿ ಇತ್ತು. ಅದನ್ನು ಕುಡಿದಾಗಲೇ ಆಯಿ, “ಇದ ನೋಡ್ ಖರೆ ಔಷಧ,” ಎಂದು ಕಣ್ಣು ಮುಚ್ಚಿದಳು.

ಎರಡನೆಯ ಸುತ್ತಿನಲ್ಲಿ ಎಲ್ಲ ಬಾಟಲಿಗಳ ಅಂಕವೂ ಏರಿತು. ಬಾಟಲಿಗಳೇನೂ ಬದಲಾಗಿರಲಿಲ್ಲ. ಅಕ್ಕ ತೆನೆ ಬಡಿಯುವುದನ್ನು ನಿಲ್ಲಿಸಿ ಬೆಲ್ಲದ ಉಂಡೆಯೊಂದನ್ನು ಹಿಡಿದು ಅದಕ್ಕೂ ಅಂಕ ಹಾಕು ಎಂದಳು. ಮಾಮಾ ಬಳ್ಳಿಯ ಸಾಲುಗಳಿಗೆ ಒಂದೊಂದಾಗಿ ಕೈ ಮುಗಿದರು. ಆಯಿಗೆ ತನ್ನ ಮದುವೆಯಲ್ಲಿ ಗಂಡ ಹೆದರಿ ಎತ್ತಿನ ಗಾಡಿಯಿಂದ ಬಿದ್ದದ್ದು ನೆನಪಾಗಿ, ನಕ್ಕು ನಕ್ಕು ಕಂಬಳಿಯ ಮೇಲೆ ಉರುಳಿದಳು. ಎಬ್ಬಿಸಲು ಹೋದ ಅಪ್ಪನೂ ಪಕ್ಕದಲ್ಲಿ ಕೂತುಬಿಟ್ಟ. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇದನ್ನೂ ಷರಾದಲ್ಲಿ ಬರೆದಿದ್ದೇನೆ, ವೇಳೆ ಸಹಿತ: ಐದು ಐವತ್ತು.

ಮೂರನೆಯ ಸುತ್ತಿಗೆ ಮೂರನೆಯ ಬಾಟಲಿಗೆ ಐವತ್ತಕ್ಕೆ ಐವತ್ತೆರಡು ಬಂತು. ಅಪ್ಪ ಹತ್ತಕ್ಕೆ ಹನ್ನೆರಡು ಕೊಟ್ಟಿದ್ದ.

“ಅಪ್ಪಾ, ಹತ್ತರಾಗ ಕೊಡಬೇಕು.”

“ಹತ್ತು ವೈನಿಗೆ. ಎರಡು ಆಯಿಗೆ.”

ನಾನು ಒಪ್ಪಲಿಲ್ಲ. ಆದರೆ ಬರೆದುಕೊಂಡೆ. ನನಗೂ ಆಗ ಮೂರು ಸುತ್ತಿನ ಹನ್ನೆರಡು ಚಮಚ ಆಗಿತ್ತು.

ಮಾಮಾ ಎದ್ದು ನಿಂತು, “ಆತು! ಮೂರನೇದವರಿಗೇ ಕೊಡೂದು. ಪ್ಯಾಪರ ಬಿಚ್ಚು, ಹೆಸರ ಓದು, ಈಗ ಫೋನ ಮಾಡ್ತೀನಿ,” ಎಂದರು. ನಾನು ಬಿಚ್ಚಿ ಓದಿದೆ. ಎರಡು ವಾರದ ಚಿಂತೆ ಅವರ ಮುಖದಿಂದ ಇಳಿದುಹೋಗಿತ್ತು. ಫೋನ್ ಹಿಡಿದುಕೊಂಡು ಸಿಗ್ನಲ್ ಹುಡುಕುತ್ತ ದಿಬ್ಬದ ಕಡೆ ನಡೆದರು. ತೋಟದಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ.

ಅಷ್ಟರಲ್ಲಿ ಅಕ್ಕನಿಗೆ ಅಪ್ಪನ ಧೋತರ ಕಣ್ಣಿಗೆ ಬಿತ್ತು.

“ಅಯ್ಯ, ಹಿಂಗ ಇಳಕಲ್ಲಿಗೆ ಹೋದ್ರ ಅವ್ವ ನನ್ನ ಬೈತಾಳ! ಏಳಪಾ, ನೀರಿನ ಟಾಕಿ ಕಡೆ ಬಾ.”

ಅಪ್ಪನನ್ನು ಟಾಕಿಯ ಕಟ್ಟೆಯ ಮೇಲೆ ಕೂರಿಸಿ, ಧೋತರ ಅವನ ಮೈಮೇಲಿರುವಂತೆಯೇ, ಬಟ್ಟೆ ಸೋಪು ಹಚ್ಚಿ ತಿಕ್ಕತೊಡಗಿದಳು. ಎಡ ಮೊಣಕಾಲಿನ ಕೆಂಪು ಕಲೆ ನೀಲಿಯಾಯಿತು. ಅಕ್ಕ ಕಿರುಚಿದಳು. ಬಲ ಮೊಣಕಾಲು ತಿಕ್ಕಿದಳು, ಅದೂ ನೀಲಿ, ಸ್ವಲ್ಪ ಹಸಿರು ಕೂಡಿದ ನೀಲಿ. ನನಗೆ ನಗು ತಡೆಯಲಾಗಲಿಲ್ಲ. ಕೆಂಪು ವೈನ್ ಕುಡಿದು ನವಿಲಾದ ಅಪ್ಪ. ಪಾದದ ಹತ್ತಿರದ್ದೂ ನೀಲಿಯಾಯಿತು. ತೊಡೆಯ ಮೇಲಿನದು ಮಾತ್ರ ಕುಂಕುಮ ಚೆಲ್ಲಿದ ಹಾಗೆ ಕೆಂಪಗೇ ಉಳಿಯಿತು. ತಿಕ್ಕಿದಷ್ಟೂ ಹೊಳೆಯಿತು.

ಅಪ್ಪನ ನಗು ನಿಂತಿತು. ತೊಡೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಅಂಗಡಿಯಲ್ಲಿ ನೂಲಿನ ಲಡಿ ನೋಡುವ ಹಾಗೆ ಬೆಳಕಿಗೆ ತಿರುಗಿಸಿದ.

“ಇದು ಯಾವ ನಂಬರ?”

ಡೈರಿ ನೋಡಿ ಹೇಳಿದೆ. ತೊಡೆ, ಮೂರು.

“ಹಣ್ಣಿನ ಬಣ್ಣಕ್ಕ ಸೋಪ ಬಿದ್ರ ತಿರಗತೈತಿ. ಇದು ತಿರಗಲಿಲ್ಲ. ಇದು ಡಬ್ಬಿ ಬಣ್ಣ. ನಾ ದಿನಾ ಹಾಕೂದು ಇಂಥಾದ.” ಆಮೇಲೆ ಒಮ್ಮೆಲೇ ಎದ್ದು ದಿಬ್ಬದ ಕಡೆ ಕೂಗಿದ, “ಅಳಿಯಾರ! ಫೋನ್ ಇಡ್ರಿ! ಫೋನ್ ಇಡ್ರಿ!”

ಮಾಮಾ ಇಳಿದು ಬಂದರು. ನಂಬರ್ ಒತ್ತಿದ್ದರು, ಆ ಕಡೆಯವರು ಇನ್ನೂ ಎತ್ತಿರಲಿಲ್ಲ. ಅಪ್ಪ ತೊಡೆ ತೋರಿಸಿದ. ಅಳಿಯನಿಗೆ ಮಾವ ತೊಡೆ ತೋರಿಸುವುದು ನೋಡಿ ಆಯಿ ಮತ್ತೆ ನಗಲು ಶುರುಮಾಡಿದಳು. ಆದರೆ ಮಾಮಾ ನಗಲಿಲ್ಲ. ಕಟ್ಟೆಯ ಮೇಲೆ ಕೂತರು.

“ಸಕ್ರಿ ಹಾಕಿ ಸೀ ಮಾಡ್ಯಾರ, ಬಣ್ಣ ಹಾಕಿ ಕೆಂಪ ಮಾಡ್ಯಾರ,” ಎಂದರು ಮೆಲ್ಲಗೆ. “ಅಂದ್ರ ಅವರಿಗೆ ನನ್ನ ಹಣ್ಣೇ ಬೇಕಂತಿಲ್ಲ, ಯಾವ ಹಣ್ಣಾದ್ರೂ ನಡೀತೈತಿ. ನಾ ಐದ ವರ್ಷ ಅವರಿಗೇ ಕೊಡಬೇಕು, ಅವರು ಮಾತ್ರ ಮುಂದಿನ ವರ್ಷ ಬ್ಯಾರೇದು ಸೋವಿ ಸಿಕ್ರ ನನ್ನ ಬಿಟ್ಟ ಬಿಡ್ತಾರ. ಆಗ ಇದನ್ನ ಯಾರ ತಿಂತಾರ?”

ಆಯಿ ನಗು ನಿಲ್ಲಿಸಿದಳು.

“ನಾಕ ಬಾಟ್ಲಿ ಕುಡದ್ವಿ, ನಿನ್ನ ಹಣ್ಣ ಯಾರೂ ತಿನ್ನಲಿಲ್ಲಲೋ. ತಿಂದ ನೋಡ.”

ಮಾಮಾ ತಲೆಯೆತ್ತಿದರು. ಸೂರ್ಯ ಇನ್ನೂ ಒಂದು ಮಾರು ಎತ್ತರದಲ್ಲಿದ್ದ. ಉಳಿದ ಮೂರು ಬಾಟಲಿ ಹಿಡಿದುಕೊಂಡು ಮೊದಲ ಸಾಲಿನ ಬಳ್ಳಿಯ ಕೆಳಗೆ ಹೋದರು, ನಾವೆಲ್ಲ ಹಿಂದೆ. ಗುಡಿಸಲಿನ ಮೂಲೆಯಲ್ಲಿ ಬಿದ್ದಿದ್ದ ಚಹಾದ ಗ್ಲಾಸೊಂದನ್ನು ಅಕ್ಕ ತೊಳೆದು ತಂದಳು. ಮಾಮಾ ಅರ್ಧ ಕಳಿತ ಗೊಂಚಲಿನಿಂದ ನಾಲ್ಕು ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡು, ರಸ ನುಂಗಿ, ಸಿಪ್ಪೆ ಮತ್ತು ಬೀಜವನ್ನು ಅಗಿಯತೊಡಗಿದರು. ಬಹಳ ಹೊತ್ತು ಅಗಿದರು. ಆಮೇಲೆ ಒಂದನೆಯದನ್ನು ಗ್ಲಾಸಿಗೆ ಬಗ್ಗಿಸಿ, ಈ ಸಲ ತುಟಿಗೆ ಹಚ್ಚಿ, ಒಂದೇ ಗುಟುಕು. ತಲೆ ಅಲ್ಲಾಡಿಸಿದರು. ಮತ್ತೆ ಕಾಳು, ಮತ್ತೆ ಅಗಿತ, ಎರಡನೆಯದು.

ಗ್ಲಾಸನ್ನು ಬಾಯಿಂದ ತೆಗೆಯಲಿಲ್ಲ. ಇನ್ನೊಂದು ಗುಟುಕು ತೆಗೆದುಕೊಂಡರು.

“ಇದರಾಗ ಐತಿ,” ಎಂದರು.

“ಏನೈತ್ರಿ?” ಎಂದಳು ಅಕ್ಕ.

“ಇದ ಒಗರ. ಸಿಪ್ಪಿದು. ಬೀಜದ್ದು. ಅವರು ಏನೂ ಮುಚ್ಚಿಲ್ಲ ನೋಡ. ಹಣ್ಣ ಕೆಟ್ಟದ್ದ ಹಾಕಿದ್ರ ಇವರದು ಕೂಡಲೇ ಕೆಡತೈತಿ. ಇವರಿಗೆ ನನ್ನ ಹಣ್ಣ ಬೇಕ.”

ನಾನು ಅಂಕ ಎಷ್ಟು ಎಂದು ಕೇಳಿದೆ. ಮಾಮಾ ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ಹಾಗಾಗಿ ಆ ಸುತ್ತಿನ ಲೆಕ್ಕ ಡೈರಿಯಲ್ಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲಕ್ಕಿಂತ ಕಡಿಮೆ, ಬರೀ ಒಂಬತ್ತು ತೆಗೆದುಕೊಂಡದ್ದು ಗೆದ್ದಿತ್ತು. ನಾಲ್ಕನೆಯದನ್ನೂ ಅವರು ಕ್ರಮಕ್ಕೆಂದು ಕುಡಿದರು, ಆದರೆ ಕುಡಿಯುವಾಗಲೇ ಎರಡನೆಯ ಬಾಟಲಿಯ ಪೇಪರ್ ಬಿಚ್ಚುತ್ತಿದ್ದರು.

ಸೋಮವಾರ ಆ ವೈನರಿಯವರು ಕಾಗದ ತಂದರು. ತಮ್ಮನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದ್ದಕ್ಕೆ ಮಾಮಾ, “ನಿಮ್ಮದು ಭಾಳ ಒಗರ ಐತ್ರಿ,” ಎಂದರಂತೆ. ಆ ಮನುಷ್ಯನಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲವೆಂದು ಅಕ್ಕ ಫೋನಿನಲ್ಲಿ ನಕ್ಕಳು.

ಕೊಯ್ಲು ಮುಗಿದದ್ದು ಮಾರ್ಚ್ ಮೊದಲ ವಾರ. ನೂರಾ ಎಪ್ಪತ್ತಾರು ಕ್ರೇಟು. ನಾನೇ ಹೋಗಿ ಎಣಿಸಿದೆ. ಟೆಂಪೋ ಹೊರಡುವಾಗ ಮಾಮಾ ಕ್ರೇಟುಗಳ ಮೇಲಿನ ತಾಡಪಾಲು ಬಿಗಿಯಲು ಹತ್ತಿದವರು ಇಳಿಯಲೇ ಇಲ್ಲ. ಕೆಳಗೆ ನಿಂತು ಅಕ್ಕ, “ರೊಟ್ಟಿ ಬಡದೇನ್ರಿ, ಉಂಡರ ಹೋಗ್ರಿ,” ಎನ್ನುತ್ತಲೇ ಇದ್ದಳು, ಟೆಂಪೋ ಹೋಗೇಬಿಟ್ಟಿತು. ಎರಡನೆಯ ದಿನ ಮಧ್ಯಾಹ್ನ ತಿರುಗಿ ಬಂದರು. ಎರಡೂ ಕೈ ಮೊಣಕೈತನಕ ಕಡುನೇರಳೆ. ವೈನರಿಯ ದೊಡ್ಡ ತೊಟ್ಟಿಗೆ ಹಣ್ಣು ಸುರಿಯುವಾಗ ಒಂದು ಕ್ರೇಟನ್ನೂ ಬೇರೆಯವರಿಗೆ ಮುಟ್ಟಿಸಿರಲಿಲ್ಲವಂತೆ. ಆಯಿ ಅವರನ್ನು ಒಳಗೆ ಬಿಡಲಿಲ್ಲ, ಕಟ್ಟೆಯ ಮೇಲೇ ಕೂರಿಸಿ ಅಕ್ಕನಿಗೆ ಕೂಗಿದಳು. ಅಕ್ಕ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮದುಮಗನಿಗೆ ತಿನ್ನಿಸಿದ ಹಾಗೆ ಬಾಯಿಗಿಡುತ್ತಿದ್ದಳು. ಮಾಮಾ ಕೈಗಳನ್ನು ಮುಂದೆ ಚಾಚಿಕೊಂಡು, ಹೋಗಿ ಬರುವವರಿಗೆಲ್ಲ ತೋರಿಸುತ್ತ, ತುಂಬಿದ ಬಾಯಲ್ಲೇ ತೊಟ್ಟಿಯ ಆಳ ಎಷ್ಟೆಂದು ಹೇಳುತ್ತಿದ್ದರು.