ಟ್ರ್ಯಾಕಿನ ಹೊರಗೆ ನಿಂತು ಕಂಡ ಮೊದಲ ರೇಸು

ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಓಡಿಸಲು ಕಲಿತದ್ದು ಅಪ್ಪನ ಪಿಕಪ್ ಗಾಡಿಯಲ್ಲಿ. ರೇಷ್ಮೆಗೂಡು ತುಂಬಿಕೊಂಡು ಎಲ್ಲರಿಗಿಂತ ಮುಂಚೆ ರಾಮನಗರದ ಮಾರುಕಟ್ಟೆ ಸೇರಬೇಕೆನ್ನುವ ಅಪ್ಪನ ಅವಸರವೇ ನನಗೆ ರೇಸಿನ ಹುಚ್ಚು ಹಿಡಿಸಿತೆಂದು ಅಮ್ಮ ಈಗಲೂ ಬೈಯುತ್ತಾಳೆ. ಆಮೇಲೆ ಬಿಡದಿಯ ಗ್ಯಾರೇಜಿನವರೊಬ್ಬರು ಕಟ್ಟಿದ ಸಣ್ಣ ತಂಡ ಸೇರಿ, ಎಷ್ಟೋ ವರ್ಷ ಮಣ್ಣಿನ ಟ್ರ್ಯಾಕುಗಳಲ್ಲಿ ಕಾರು ಓಡಿಸಿದೆ. ಕಪ್ ಗೆದ್ದದ್ದೂ ಉಂಟು, ಯಾರದೋ ರಾಗಿ ಹೊಲಕ್ಕೆ ನುಗ್ಗಿದ್ದೂ ಉಂಟು.

ಕೊನೆಗೆ ಬೆನ್ನು ಕೈಕೊಟ್ಟಿತು. ಇನ್ನು ರೇಸು ಬೇಡವೆಂದರು ಡಾಕ್ಟರು. ಗ್ಯಾರೇಜಿನ ಯಜಮಾನರು ಮನೆಗೇ ಬಂದರು.

"ಓಡ್ಸೋದು ಬುಟ್ರೆ ಏನಾಯ್ತವ್ವಾ? ಟೀಮ್ ಮ್ಯಾನೇಜರ್ ಆಗು."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಆಯ್ತಾಳೆ ಬುಡಿ, ಕಾಪಿ ಕುಡೀರಿ" ಎಂದು ಒಪ್ಪಿಕೊಂಡುಬಿಟ್ಟಳು.

ಕನಕಪುರದ ಹತ್ತಿರ ನಡೆದದ್ದು ಮ್ಯಾನೇಜರಾಗಿ ನನ್ನ ಮೊದಲ ರೇಸು. ನಮ್ಮ ಹೊಸ ಡ್ರೈವರ್ ಚನ್ನಪಟ್ಟಣದ ಹುಡುಗಿ, ಮನೆಯವರದು ಮರದ ಬೊಂಬೆ ಮಾಡುವ ಕೆಲಸ. ಹೆಲ್ಮೆಟ್ಟಿನೊಳಗಿನ ರೇಡಿಯೊದಲ್ಲಿ ಅವಳಿಗೆ ನನ್ನ ಮಾತು ಕೇಳುತ್ತಿತ್ತು. ಅಭ್ಯಾಸದ ಓಟ ಮುಗಿಯುವವರೆಗೂ ನಾನು ಬಾಯಿ ಮುಚ್ಚಲಿಲ್ಲ. "ಬ್ರೇಕ್! ಗೇರ್ ಇಳಿಸು! ಎಡಕ್ಕೆ, ಎಡಕ್ಕೆ!" ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಅವಳು ಇಳಿದು ಹೆಲ್ಮೆಟ್ ತೆಗೆದಳು. "ಅಕ್ಕಾ, ಗಾಡಿ ಓಡಿಸ್ತಿರೋದು ನೀವೋ ನಾನೋ? ಒಸಿ ಸುಮ್ಕಿರಿ."

ಮೆಕ್ಯಾನಿಕ್‌ಗಳೆಲ್ಲ ನಗು ತಡೆಯಲು ಟೈರುಗಳತ್ತ ತಿರುಗಿಕೊಂಡರು. ನಾನು ಮುಖ ಊದಿಸಿಕೊಂಡು ಅಮ್ಮನ ಪಕ್ಕ ಹೋಗಿ ಕೂತೆ. ಅವಳು ತಂಡಕ್ಕೆಲ್ಲ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು.

"ಅವ್ಳು ಯೋಳಿದ್ರಲ್ಲಿ ಏನ್ ತಪ್ಪೈತೆ?" ಎಂದಳು. "ನಿಮ್ಮಪ್ಪ ಪಕ್ಕದಲ್ಲಿ ಕೂತು ಹಿಂಗೇ ಕಿರುಚ್ತಾರೆ ಅಂತ, ನೀನು ಅವ್ರನ್ನ ದಾರೀಲೇ ಇಳಿಸಿ ಬಂದ್ಬುಟ್ಟಿರ್ಲಿಲ್ವಾ?"

ನಗದೆ ಏನು ಮಾಡಲಿ?

ರೇಸು ಶುರುವಾದಾಗ ರೇಡಿಯೊ ಹಿಡಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತಿರುವುಗಳಲ್ಲಿ ಅವಳು ನನಗಿಂತ ಅಗಲವಾಗಿ, ಟ್ರ್ಯಾಕಿನ ಹೊರ ಅಂಚಿನಿಂದ ಸುತ್ತಿ ಬರುತ್ತಿದ್ದಳು. ನಾಲಿಗೆ ತುರಿಸಿತು, ತಡೆದೆ. ಆ ಅಗಲದಿಂದಲೇ ವೇಗ ಎತ್ತಿಕೊಂಡು ಅವಳು ಒಬ್ಬೊಬ್ಬರನ್ನೇ ದಾಟಿ ಎರಡನೆಯವಳಾಗಿ ಬಂದಳು. ಅಮ್ಮ ಸೌಟು ಎತ್ತಿ ಕೂಗಿದಳು. ನಾನೇ ಗೆದ್ದಾಗಲೂ ನನ್ನ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ.

ಹುಡುಗಿ ಓಡಿ ಬಂದು ನನ್ನ ತೋಳು ಹಿಡಿದಳು. "ಏನಕ್ಕಾ, ಒಂದ್ ಮಾತೂ ಇಲ್ಲ! ರೇಡಿಯೊ ಕೆಟ್ಟೋಯ್ತೇನೋ ಅಂತ ಎದ್ರಿಕೊಂಡ್ಬುಟ್ಟೆ!"