ನಡುವೆ ಕೂತವಳು

ಗುಜರಾತಿನ ಬೋಡಕ್‌ದೇವ್‌ನ ನಮ್ಮ ವಿಮಾ ಕಚೇರಿಯಲ್ಲಿ ಕನ್ನಡದವರು ಇಬ್ಬರೇ. ಹುಬ್ಬಳ್ಳಿಯವಳಾದ ನಾನು, ಮತ್ತು ಬಡ್ತಿಯ ಮೇಲೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಕ್ಲೇಮ್ಸ್ ಅಧಿಕಾರಿ. ಊರಂಚಿನ ಬೋಪಾಲ್ ಬಡಾವಣೆಯಲ್ಲಿ ಅವರ ಮನೆಯೂ ನಮ್ಮ ಮನೆಯೂ ಅಕ್ಕಪಕ್ಕದ ಕಟ್ಟಡಗಳಲ್ಲಿದ್ದವು. ಅವರ ಹೆಂಡತಿ ಭಾನುವಾರ ಬಂದು ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದರು.

ತಾಯಿ ತೀರಿಕೊಂಡಾಗ ಅವರು ಊರಿಗೆ ಹೋಗಿ ದಿನಕರ್ಮ ಮುಗಿಸಿ ಬಂದರು. ಬಂದವರು ಮೊದಲಿನಂತಿರಲಿಲ್ಲ. ಊಟದ ಡಬ್ಬಿ ತೆರೆಯದೆ ವಾಪಸ್ ಒಯ್ಯುವರು. ಒಂದೇ ಫೈಲಿನ ಮುಂದೆ ಮಧ್ಯಾಹ್ನದವರೆಗೆ ಕೂತಿರುವರು. ಒಂದು ಬೆಳಿಗ್ಗೆ ಲಿಫ್ಟಿನಿಂದ ಇಳಿದವರು ಕಚೇರಿಯ ಬಾಗಿಲು ದಾಟಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮ್ಯಾನೇಜರ್ ಗಾಬರಿಯಿಂದ ವಿಚಾರಿಸಿದರೆ, "ಸೀನಾ ಭಾರಿ ಹೈ" ಎಂದರು. ಎದೆ ಭಾರ ಎಂದದ್ದೇ ತಡ, ಕರೆದೊಯ್ದು ಇಸಿಜಿ ಮಾಡಿಸಿದರು. ವರದಿ ಚೆನ್ನಾಗಿಯೇ ಬಂತು. ಎಲ್ಲರೂ ನಿರಾಳವಾದರು, ಅವರೊಬ್ಬರನ್ನು ಬಿಟ್ಟು.

ಕಚೇರಿಗೆ ವಾರಕ್ಕೊಮ್ಮೆ ಒಬ್ಬ ಕೌನ್ಸೆಲರ್ ಬರುತ್ತಿದ್ದರು, ಗುಜರಾತಿ ಹೆಂಗಸು, ತಾಳ್ಮೆಯವರು. ಆಕೆ ಏನೇ ಕೇಳಿದರೂ ಇವರದು "ಠೀಕ್ ಹೈ" ಒಂದೇ ಉತ್ತರವಂತೆ. ತಮ್ಮ ಭಾಷೆಯವರು ಜೊತೆಗಿದ್ದರೆ ಮನಸ್ಸು ಬಿಚ್ಚಿಯಾರು ಎಂದು ಮ್ಯಾನೇಜರ್ ನನ್ನನ್ನು ಕರೆದರು. ನನಗೂ ಅದು ಸರಿಯೆನ್ನಿಸಿತು. ಇವರನ್ನು ಕೇಳಿದಾಗ ಆಗಲಿ ಎಂಬಂತೆ ತಲೆಯಾಡಿಸಿದರು.

ಮೀಟಿಂಗ್ ರೂಮಿನಲ್ಲಿ ಅವರಿಬ್ಬರ ನಡುವೆ ಕೂತೆ. ನಿದ್ದೆ, ಊಟ, ಕೆಲಸದ ಮಾತೆಲ್ಲ ಸಲೀಸಾಗಿ ಸಾಗಿತು. ಆಮೇಲೆ ಆಕೆ ಮೆಲ್ಲಗೆ, ಬದುಕುವುದೇ ಬೇಡ ಅನ್ನಿಸಿದೆಯೇ ಕೇಳಿ ಎಂದರು. ಆಕೆಯ ಹಿಂದಿಯಲ್ಲಿ ಅದು ಬರೀ ಒಂದು ಪ್ರಶ್ನೆಯಾಗಿತ್ತು. ನಮ್ಮ ಮಾತಿನಲ್ಲಿ, ನನ್ನ ಅಣ್ಣನ ವಯಸ್ಸಿನವರನ್ನು ಹಾಗೆ ಕೇಳಲು ನನಗೆ ಬಾಯಿ ಬರಲೊಲ್ಲದಾಯಿತು.

"ಸರ್, ಜೀವಾ ಬ್ಯಾಡಾಗೇದೇನ್ರಿ?" ಎಂದೆ ಕೊನೆಗೆ.

ಅವರು ನನ್ನನ್ನೇ ನೋಡಿದರು. "ಇಲ್ಲಂತ ಹೇಳ್ರಿ ಅಕ್ಕಾರ." ಬೆನ್ನಿಗೇ, "ನಮ್ಮ ಮನ್ಯಾಗ ಮಾತ್ರ ಏನೂ ಅನಬ್ಯಾಡ್ರಿ."

ಎರಡನ್ನೂ ಹಿಂದಿಯಲ್ಲಿ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟರು. ನನ್ನನ್ನು ಬಾಗಿಲವರೆಗೆ ಕರೆತಂದು, "ನೀವು ತೀರಾ ಹತ್ತಿರದವರು. ನಿಮ್ಮ ಮುಂದೆ ಅವರು ಹೇಳಲಾರರು" ಎಂದು ಹೇಳಿ ಹೊರಗೆ ಕಳಿಸಿದರು. ಅವತ್ತು ಆಕೆ ಅವರೊಬ್ಬರನ್ನೇ ಮನೆಗೆ ಹೋಗಲು ಬಿಡಲಿಲ್ಲ. ಅವರನ್ನು ಒಪ್ಪಿಸಿ ಹೆಂಡತಿಯನ್ನು ಕರೆಸಿದರು. ಧಾರವಾಡದ ಒಬ್ಬ ಮನೋವೈದ್ಯರನ್ನೂ ಕೌನ್ಸೆಲರೇ ಹುಡುಕಿಕೊಟ್ಟರು. ಕನ್ನಡದವರು, ಆದರೆ ಇವರ ಬಂಧುಬಳಗ ಯಾರನ್ನೂ ಅರಿಯದವರು.

ಆ ವೈದ್ಯರೊಂದಿಗೆ ಇವರು ಕಚೇರಿಯ ಪಾರ್ಕಿಂಗ್‌ನಲ್ಲಿ, ಕಾರಿನ ಗಾಜು ಏರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಒಮ್ಮೆ ಕಿಟಕಿಯಿಂದ ಕಂಡಿತು, ಹಣೆಯನ್ನು ಸ್ಟೀರಿಂಗಿಗೆ ಒತ್ತಿ ಅಳುತ್ತಿದ್ದರು. ನಾನು ಪರದೆ ಎಳೆದೆ.

ಔಷಧಿ ಹಿಡಿಯಿತು, ಕೆಲಸವೂ ಹಳಿಗೆ ಬಂತು. ಆದರೆ ನನ್ನ ಟೇಬಲ್ಲಿನ ಕಡೆ ಅವರು ಬರಲಿಲ್ಲ. ಭಾನುವಾರ ಹೆಂಡತಿಯೂ ಬರಲಿಲ್ಲ. ತರಕಾರಿ ಗಾಡಿಯ ಹತ್ತಿರ ಸಿಕ್ಕಾಗ ಆಕೆ, "ನಿಮ್ಮನ್ನ ನೋಡಿದ್ರ ಅವರಿಗೆ ಅದ ನೆನಪಾಗ್ತದಂತ್ರಿ. ತಪ್ಪ ತಿಳ್ಕೋಬ್ಯಾಡ್ರಿ" ಎಂದು ಚೀಲ ಎತ್ತಿಕೊಂಡು ನಡೆದರು.

ಮುಂದೆ ಅವರು ವಡೋದರಕ್ಕೆ ವರ್ಗ ಕೇಳಿ ಪಡೆದರು. ಹೊರಡುವ ದಿನ ಎಲ್ಲರಿಗೂ ಕೈಮುಗಿಯುತ್ತ ಬಂದು ನನ್ನೆದುರು ನಿಂತು, "ಅಚ್ಛಾ ಮೇಡಮ್, ಚಲ್ತಾ ಹೂಂ" ಎಂದರು.

ನಾನೂ ಹಿಂದಿಯಲ್ಲೇ ಉತ್ತರ ಕೊಟ್ಟೆ.